ವಿಮರ್ಶಕನ ಋಣ



ಕೀಟ್ಸ್ ಕವಿಯ ‘ಎಂಡಿಮಿಯನ್’ ಕಾವ್ಯವು 1818ರಲ್ಲಿ ಪ್ರಕಟವಾಯಿತು. ಅದರಲ್ಲಿ ನಾಲ್ಕು ಭಾಗಗಳುಂಟು. ಅದೇ ವರ್ಷ ‘ಕ್ವಾರ್ಟರ್ಲಿ ರಿವ್ಯೂ’ ಪತ್ರಿಕೆಯಲ್ಲಿ ಕ್ರೋಕರನು ಅದನ್ನು ಹೀನಾಯವಾಗಿ ಹಳಿದನು. ಮೊದಲನೆಯ ಭಾಗವನ್ನು ದಾಟಲಾರದೆ ಹೋದೆನೆಂದು ಆ ಲೇಖನದಲ್ಲಿಯೇ ಒಪ್ಪಿಕೊಂಡನು. 1821ರಲ್ಲಿ ಕವಿ ತೀರಿಕೊಂಡಾಗ, ಆ ವಿಮರ್ಶೆಯೇ ಅವನನ್ನು ಕೊಂದಿತೆಂಬ ಮಾತು ಹಬ್ಬಿತು. ಅದು ದಿಟವಲ್ಲ, ಕೊಂದದ್ದು ಕ್ಷಯರೋಗ. ಕೀಟ್ಸನು ಗಟ್ಟಿಗ; ತನ್ನ ಕಾವ್ಯದ ಕೊರತೆಗಳನ್ನು ಮುನ್ನುಡಿಯಲ್ಲಿ ತಾನೇ ಹೇಳಿಕೊಂಡಿದ್ದನು.

ಕ್ರೋಕರನನ್ನು ನಿಂದಿಸುವುದು ಸುಲಭ. ಆದರೂ, ಓದಲಿಲ್ಲವೆಂಬುದನ್ನು ಅವನು ಮರೆಮಾಚಲಿಲ್ಲವಷ್ಟೆ! ನಮ್ಮಲ್ಲಿ ಬರೆಯುವವರೂ ವಿಮರ್ಶಿಸುವವರೂ ಒಂದೇ ಪಂಕ್ತಿಯಲ್ಲಿ ಉಣ್ಣುವವರು; ಓದದೆ ಹಳಿಯುವುದಕ್ಕಿಂತ ಓದದೆ ಹೊಗಳುವುದೇ ಇಲ್ಲಿ ಹೆಚ್ಚು. ನಾನೂ ಒಮ್ಮೆ ಸ್ನೇಹಿತರೊಬ್ಬರ ಕಥಾಸಂಗ್ರಹದ ಮುನ್ನುಡಿಯನ್ನೂ ಎರಡು ಕಥೆಗಳನ್ನೂ ಓದಿ, ಇಡೀ ಪುಸ್ತಕವನ್ನು ಕೊಂಡಾಡಿ ಬರೆದೆನು. ಕೆಲವು ದಿನಗಳ ಮೇಲೆ ವಿದ್ಯಾರ್ಥಿಯೊಬ್ಬನು ಅದನ್ನು ಹಿಡಿದು ಬಂದನು. "ತಾವು ಬರೆದಿದ್ದಿರೆಂದು ಕೊಂಡುಕೊಂಡೆ, ಸಾರ್. ಕೊನೆಯ ಕಥೆ ಮಾತ್ರ ಅರ್ಥವಾಗಲಿಲ್ಲ" ಎಂದನು. ಆ ಕಥೆಯನ್ನು ನಾನು ನೋಡಿಯೇ ಇರಲಿಲ್ಲ. ತಿಂಡಿಯ ಕಾಸು ಉಳಿಸಿ ಕೊಂಡಿದ್ದನಂತೆ.

ವಿಮರ್ಶಕನು ಮೊದಲು ಋಣಿಯಾಗಿರುವುದು ಈ ಹುಡುಗನಿಗೆ; ಗ್ರಂಥಕರ್ತನಿಗೆ ಆಮೇಲೆ. ದೋಷವನ್ನೆತ್ತಿ ಹೇಳುವುದು ಹಗೆತನವೆಂದು ನಮ್ಮವರು ಏಕೆ ಭಾವಿಸುವರೋ ತಿಳಿಯದು. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಮೊದಲ ಪರಿಚ್ಛೇದದಲ್ಲಿಯೇ ಕಾವ್ಯದೋಷಗಳ ವಿಚಾರವನ್ನು ಕೈಗೆತ್ತಿಕೊಂಡಿದೆ.

ಆ ರಾತ್ರಿ ಪುಸ್ತಕವನ್ನು ಪೂರ್ತಿಯಾಗಿ ಓದಿದೆನು. ಕೊನೆಯ ಕಥೆ ನನಗೂ ಅರ್ಥವಾಗಲಿಲ್ಲ. ಮರುದಿನ ಹುಡುಗನಿಗೆ ನಡೆದುದನ್ನು ಹೇಳಿ, ಅದೇ ಪತ್ರಿಕೆಗೆ ಒಂದು ತಿದ್ದುಪಡಿಯನ್ನು ಬರೆದು ಕಳುಹಿಸಿದೆನು. ಸ್ನೇಹಿತರು ಮುಂದಿನ ಯುಗಾದಿಯವರೆಗೆ ನನ್ನೊಡನೆ ಮಾತನಾಡಲಿಲ್ಲ.