ನೆಣದ ಸೋಪು
(ತಾಲ್ಲೂಕು ಶಿಬಿರವೊಂದರಲ್ಲಿ ಆಡಿದ ಮಾತು)



ಕವಿತೆ ಓದ್ತಾನೆ ಅಂತ ನನ್ನನ್ನು ಕರೆದಿದ್ದೀರಿ. ನಾನು ಸೋಪು ತಂದಿದ್ದೀನಿ. ಕೈಯಿಂದ ಕೈಗೆ ದಾಟಿಸಿ, ಮೂಸಿ ನೋಡಿ. ಈಗ ಹೇಳ್ತೀನಿ, ಅದು ಕುರಿಯ ನೆಣದಿಂದ ಮಾಡಿದ್ದು. ಮುಂದಿನ ಸಾಲಿನಲ್ಲಿ ಒಬ್ಬರು ಕೈ ಒರೆಸಿಕೊಂಡ್ರು. ಇರಲಿ ಬಿಡಿ. ಆ ಹೇಸಿಗೆ ನಮ್ಮದಲ್ಲ, ಯಾರೋ ನಮ್ಮೊಳಗೆ ಇಟ್ಟು ಹೋದದ್ದು.

ನಮ್ಮಜ್ಜ ಊರಿನ ಸತ್ತ ದನ ಹೊರುತ್ತಿದ್ದ. ಚರ್ಮ ಸುಲಿದು ಬಂದವನ ಕೈಗೆ ಅಜ್ಜಿ ಹಾಕುತ್ತಿದ್ದದ್ದು ಒಲೆಯ ಬೂದಿ, ಇಲ್ಲದಿದ್ದರೆ ಸೌಳು ಮಣ್ಣು. ಮನೆಗೆ ಅಂಗಡಿ ಸೋಪು ಬರುವ ಹೊತ್ತಿಗೆ ಅಜ್ಜ ಇರಲಿಲ್ಲ. ನಾನು ಓದೋಕೆ ಹೋದ ಹಾಸ್ಟೆಲಿನಲ್ಲಿ ಪಕ್ಕದ ಮಂಚದ ಹುಡುಗ ನನ್ನ ಸೋಪಿನ ಡಬ್ಬಿಯನ್ನು ಕಡ್ಡಿಯಿಂದ ತಳ್ಳಿ ಆಚೆ ಸರಿಸುತ್ತಿದ್ದ. ಮೈಲಿಗೆ ತೊಳೆಯುವ ಸೋಪೇ ಮೈಲಿಗೆಯಾಗುತ್ತದೆ ಅನ್ನೋದನ್ನು ನಾನು ಕಲಿತದ್ದು ಅಲ್ಲಿ. ಬಿ.ಎ. ಪುಸ್ತಕದಲ್ಲಿ ಅದು ಇರಲಿಲ್ಲ.

ಅವನಿಗೂ ನನಗೂ ಗೊತ್ತಿಲ್ಲದ ಒಂದು ಸಂಗತಿಯಿತ್ತು. 1983ರವರೆಗೆ ನಮ್ಮ ದೇಶದ ಸೋಪು ಕಾರ್ಖಾನೆಗಳಿಗೆ ಹೊರದೇಶದಿಂದ ಪ್ರಾಣಿಕೊಬ್ಬು ಬರುತ್ತಿತ್ತು. ಆ ವರ್ಷ ವನಸ್ಪತಿಗೆ ದನದ ಕೊಬ್ಬು ಬೆರೆಸಿದ್ದಾರೆಂದು ದೊಡ್ಡ ಗದ್ದಲವೆದ್ದಿತು. ಆಮದು ನಿಂತಿತು. ಅದಕ್ಕೆ ಮುಂಚೆ ಎಷ್ಟು ಮಡಿವಂತ ಮೈಗಳು ಆ ನೊರೆಯಲ್ಲಿ ಮಿಂದು ದೇವರ ಕೋಣೆ ಹೊಕ್ಕವೋ! ಯಾವ ದೇವರೂ ತಕರಾರು ಮಾಡಿದ ಸುದ್ದಿಯಿಲ್ಲ. ಹೊರದೇಶದ ಸೋಪಿನ ಕಾಗದದ ಮೇಲೆ ಇವತ್ತಿಗೂ 'ಸೋಡಿಯಂ ಟ್ಯಾಲೋವೇಟ್' ಅನ್ನೋ ಹೆಸರು ಕಾಣಬಹುದು. ಹೆಸರು ದೊಡ್ಡದು, ವಸ್ತು ನಮ್ಮ ನೆಣವೇ.

ಮಾಡೋದು ಹೇಗೆ? ಕಸಾಯಿ ಅಂಗಡಿಯಲ್ಲಿ ಮೂತ್ರಪಿಂಡದ ಸುತ್ತಲಿನ ನೆಣ ಕೇಳಿ. ಅದು ಗಟ್ಟಿ, ಬಿಳಿ. ಸಣ್ಣಗೆ ಹೆಚ್ಚಿ, ನೀರು, ಒಂದು ಹಿಡಿ ಉಪ್ಪು ಹಾಕಿ, ಸಣ್ಣ ಉರಿಯಲ್ಲಿ ಕರಗಿಸಿ. ಅವಸರ ಮಾಡಿದರೆ ಸೀದು ವಾಸನೆ ಹಿಡಿಯುತ್ತದೆ. ಬಟ್ಟೆಯಲ್ಲಿ ಸೋಸಿ ಆರಲು ಬಿಡಿ. ಬೆಳಿಗ್ಗೆ ನೋಡಿದರೆ ಮೇಲೆ ಬಿಳಿ ಬಿಲ್ಲೆ, ಕೆಳಗೆ ಕೊಳೆ ನೀರು. ಬಿಲ್ಲೆಯ ತಳ ಹೆರೆದು, ಇನ್ನೊಮ್ಮೆ ಉಪ್ಪುನೀರಿನಲ್ಲಿ ಕರಗಿಸಿ. ಎರಡು ಮೂರು ಸಲ ಹೀಗೆ ಮಾಡಿದರೆ ಕುರಿ ವಾಸನೆ ಬಹುಪಾಲು ಹೋಗುತ್ತದೆ.

ಮುಕ್ಕಾಲು ಕಿಲೋ ನೆಣಕ್ಕೆ ಕಾಲು ಕಿಲೋ ಕೊಬ್ಬರಿ ಎಣ್ಣೆ ಸೇರಿಸಿ. ಬರೀ ನೆಣದ ಸೋಪು ಗಟ್ಟಿಯಾಗಿ ಬಹಳ ದಿನ ಬಾಳುತ್ತದೆ, ಆದರೆ ನೊರೆಗೆ ಜಿಪುಣ. ಇಷ್ಟಕ್ಕೆ 140 ಗ್ರಾಂ ಕಾಸ್ಟಿಕ್ ಸೋಡಾ, 330 ಮಿಲಿ ನೀರು. ಕಣ್ಣಳತೆ ಸಾಲದು, ತಕ್ಕಡಿ ಬೇಕು. ಸೋಡಾ ಹೆಚ್ಚಾದರೆ ಮೈ ಸುಡುತ್ತದೆ.

ಇನ್ನು ನಾನು ಹೇಳೋದನ್ನು ಗಮನ ಕೊಟ್ಟು ಕೇಳಿ. ನೀರಿಗೆ ಸೋಡಾ ಹಾಕಬೇಕು, ಸೋಡಾಕ್ಕೆ ನೀರು ಸುರಿಯಬಾರದು. ಸುರಿದರೆ ಕುದಿದು ಮುಖಕ್ಕೆ ಹಾರುತ್ತದೆ. ಅಲ್ಯೂಮಿನಿಯಂ ಪಾತ್ರೆ ಬೇಡವೇ ಬೇಡ, ಸೋಡಾ ಅದನ್ನು ತಿಂದುಬಿಡುತ್ತದೆ. ಸ್ಟೀಲ್ ಪಾತ್ರೆ ತಗೊಳ್ಳಿ. ಬಯಲಿನಲ್ಲಿ ಮಾಡಿ, ಕೈಗೆ ರಬ್ಬರ್ ಚೀಲ, ಕಣ್ಣಿಗೆ ಕನ್ನಡಕ ಇರಲಿ, ಮಕ್ಕಳನ್ನು ದೂರ ಕಳಿಸಿ. ಮೈಮೇಲೆ ಬಿದ್ದರೆ ಸುರಿಯುವ ನೀರಿನಲ್ಲಿ ಬಹಳ ಹೊತ್ತು ತೊಳೆಯಿರಿ. ಕಣ್ಣಿಗೆ ಬಿದ್ದರೆ ತೊಳೆಯುತ್ತಲೇ ಆಸ್ಪತ್ರೆಗೆ ಓಡಿ.

ಸೋಡಾ ನೀರು, ಕರಗಿದ ನೆಣ ಎರಡೂ ಉಗುರುಬೆಚ್ಚಗಾದ ಮೇಲೆ ನೆಣಕ್ಕೆ ನೀರನ್ನು ಸಣ್ಣಗೆ ಬಿಡುತ್ತಾ ತಿರುವಿ. ತೋಳು ನೋಯುತ್ತದೆ. ಅರ್ಧ ಗಂಟೆಯೋ ಒಂದು ಗಂಟೆಯೋ ಆದ ಮೇಲೆ ಗಂಜಿಯ ಹಾಗೆ ದಪ್ಪವಾಗಿ, ಸೌಟಿನ ಗೆರೆ ಮೇಲೆ ನಿಲ್ಲುತ್ತದೆ. ಆಗ ಕಾಗದ ಹಾಸಿದ ಮರದ ಪೆಟ್ಟಿಗೆಗೆ ಹುಯ್ದು ಗೋಣಿ ಮುಚ್ಚಿ. ಮಾರನೇ ದಿನ ಕೊಯ್ದು, ನೆರಳಲ್ಲಿ ಆರು ವಾರ ಒಣಗಿಸಿ. ಅಷ್ಟೊತ್ತಿಗೆ ಅದರಲ್ಲಿ ಸೋಡಾ ಇರೋದಿಲ್ಲ. ನೆಣದ ಬಹುಪಾಲೂ ನೆಣವಾಗಿ ಉಳಿದಿರೋದಿಲ್ಲ. ಎರಡೂ ಮುರಿದು ಸೋಪು ಮತ್ತು ಗ್ಲಿಸರಿನ್ ಆಗಿರುತ್ತವೆ. ಮೈಸುಡುವುದೂ ಜಿಡ್ಡಾಗುವುದೂ ಕೂಡಿ ಕೊಳೆ ತೆಗೆಯುವ ವಸ್ತುವಾಗೋದು! ಕವಿತೆ ಬರೆಯೋನಿಗೆ ಇದಕ್ಕಿಂತ ಏನು ಬೇಕು ಅಂತ ಅವತ್ತು ಅನ್ನಿಸಿತು, ಆದರೆ ಬರೆಯಲಿಲ್ಲ. ತೋಳು ನೋಯುತ್ತಿತ್ತು.

ಈ ಸೋಪನ್ನು ನಮ್ಮ ಸಂಘಟನೆಯ ಹಿರಿಯಣ್ಣ ಒಬ್ಬರಿಗೆ ಕೊಟ್ಟೆ. ಅವರು ತಗೊಳ್ಳಲಿಲ್ಲ. "ನಿಮ್ಮಜ್ಜನ ಕೈಯಿಂದ ಆ ನೆಣ ಬಿಡಿಸೋಕೆ ನಾವು ಎಷ್ಟು ಜಗಳ ಆಡಿದ್ವಿ ಗೊತ್ತೇನಪ್ಪ? ನೀನು ಓದಿದೋನು, ಮತ್ತೆ ಅದನ್ನೇ ಕೈಗೆ ಬಳಿತೀಯಲ್ಲ" ಅಂದರು. ನನಗೆ ಉತ್ತರ ಬರಲಿಲ್ಲ. 1927ರಲ್ಲಿ ಮಹಾಡದಲ್ಲಿ ಬಾಬಾಸಾಹೇಬರು ಸತ್ತ ದನದ ಮಾಂಸ ಬಿಡಿ ಅಂದದ್ದು ಅವರ ಎದೆಯಲ್ಲಿದೆ. 2016ರಲ್ಲಿ ಗುಜರಾತಿನ ಊನಾದಲ್ಲಿ ಸತ್ತ ಹಸುವಿನ ಚರ್ಮ ಸುಲಿದರೆಂದು ನಮ್ಮ ಹುಡುಗರನ್ನು ಬೀದಿಯಲ್ಲಿ ಬಡಿದದ್ದು, ಆಮೇಲೆ ಆ ರಾಜ್ಯದ ನಮ್ಮ ಜನ ದನದ ಹೆಣಗಳನ್ನು ಸರ್ಕಾರಿ ಕಚೇರಿಯ ಮುಂದೆ ತಂದು ಹಾಕಿದ್ದು ನನ್ನ ಎದೆಯಲ್ಲೂ ಇದೆ. ಹೊರಬೇಡಿ ಅಂತ ನಾನೂ ಹೇಳ್ತೀನಿ. ಆದರೆ ಅಜ್ಜನಿಂದ ನೆಣ ಹೊರಿಸಿದವರು ಅವನಿಗೆ ಸೋಪು ಮಾಡೋ ವಿದ್ಯೆ ಕೊಡಲಿಲ್ಲ. ಕೆಲಸ ಅವನಿಗೆ, ಲಾಭ ಬೇರೆಯವರಿಗೆ, ಹೇಸಿಗೆ ಮತ್ತೆ ಅವನಿಗೇ. ನಾನು ಅಂಗಡಿಯಲ್ಲಿ ದುಡ್ಡು ಕೊಟ್ಟು ನೆಣ ತಂದೆ. ಬೇಡ ಅನ್ನಿಸಿದ ದಿನ ಬಿಡ್ತೀನಿ. ಅಜ್ಜನಿಗೆ ಆ ಬಿಡುವ ದಿನ ಇರಲಿಲ್ಲ. ಹಿರಿಯಣ್ಣ ಇದನ್ನು ಒಪ್ಪಿದ್ದಾರೆ ಅಂತಲ್ಲ. ಹಿಂದೆ ಕೂತಿದ್ದಾರೆ, ಬೇಕಾದರೆ ಎದ್ದು ಬಯ್ಯಲಿ.

ಇನ್ನೊಂದು ಸೋಪಿನ ಕತೆಯಿದೆ. 2017ರ ಮೇ ತಿಂಗಳಲ್ಲಿ ಉತ್ತರ ಪ್ರದೇಶದ ಕುಶೀನಗರ ಜಿಲ್ಲೆಯ ಒಂದು ಮುಸಹರ್ ಕೇರಿಗೆ ಮುಖ್ಯಮಂತ್ರಿ ಬರೋ ಮುಂಚೆ ಅಧಿಕಾರಿಗಳು ಸೋಪು, ಶಾಂಪೂ ಹಂಚಿದರು. ತೊಳ್ಕೊಂಡು ಬನ್ನಿ ಅಂತ! ಗುಜರಾತಿನ ದಲಿತರು ಅದಕ್ಕೆ 125 ಕಿಲೋ ತೂಕದ ಸೋಪು ಮಾಡಿ, ತೊಳ್ಕೋಬೇಕಾದೋರು ನೀವು ಅಂತ ಆ ಮುಖ್ಯಮಂತ್ರಿಗೆ ಕೊಡೋಕೆ ಹೊರಟರು. ಜುಲೈನಲ್ಲಿ ಪೊಲೀಸರು ಅವರನ್ನು ಝಾನ್ಸಿಯಲ್ಲೇ ತಡೆದು ವಾಪಸು ಕಳಿಸಿದರು. ಒಂದು ಸೋಪಿಗೆ ಸರ್ಕಾರ ಅಷ್ಟು ಹೆದರಿತು.

ಹಿಂದಿನ ಬೆಂಚಿನ ಹತ್ತಿರ ಗೋಣಿಯಲ್ಲಿ ಇಪ್ಪತ್ತು ಬಿಲ್ಲೆ ಇಟ್ಟಿದ್ದೀನಿ, ತಗೊಂಡು ಹೋಗಿ. ಇನ್ನೂ ನಾಲ್ಕೇ ವಾರ ಆಗಿರೋದು. ಇನ್ನು ಹದಿನೈದು ದಿನ ಗಾಳಿಗಿಟ್ಟು ಆಮೇಲೆ ಹಚ್ಚಿಕೊಳ್ಳಿ.