ಅಂಗಡಿ ಮುಚ್ಚಿದರೆ ಉದ್ರಿ ಕೊಡುವವರು ಯಾರು?

(ಬೀದರದಲ್ಲಿ ಕಾರ್ಮಿಕರು ಮತ್ತು ಚಿಕ್ಕ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)

ಈ ಸಭೆಯಲ್ಲಿ ಎರಡು ಬಗೆಯ ಜನ ಕೂಡಿದ್ದೀರಿ. ಬೇಳೆ ಮಿಲ್ಲು, ಸಕ್ಕರೆ ಕಾರ್ಖಾನೆಗಳಲ್ಲಿ ದುಡಿಯುವವರು ಒಂದು ಕಡೆ. ಬೀದರ, ಭಾಲ್ಕಿ, ಔರಾದಗಳ ಅಂಗಡಿಕಾರರು ಇನ್ನೊಂದು ಕಡೆ. ನಿಮ್ಮಿಬ್ಬರ ನಡುವೆ ಈಗ ಒಂದು ಮುನಿಸು ಬೆಳೆಯುತ್ತಿದೆ. “ಗಿರಾಕಿ ನಮ್ಮಲ್ಲಿ ಬೆಲೆ ಕೇಳಿ, ಮಾಲನ್ನು ಮೊಬೈಲಿನಲ್ಲಿ ತರಿಸುತ್ತಾನೆ” ಎಂದು ವ್ಯಾಪಾರಿ ದೂರುತ್ತಾನೆ. “ಅಲ್ಲಿ ನೂರು ರೂಪಾಯಿ ಉಳಿಯುತ್ತಿದ್ದರೆ ಇಲ್ಲಿ ಯಾಕೆ ಕಳೆದುಕೊಳ್ಳಲಿ?” ಎಂದು ಕಾರ್ಮಿಕ ಕೇಳುತ್ತಾನೆ. ಇಬ್ಬರ ಮಾತೂ ಸುಳ್ಳಲ್ಲ. ಆದರೆ ಇಬ್ಬರೂ ಸಿಟ್ಟು ತೋರಿಸುತ್ತಿರುವ ಜಾಗ ತಪ್ಪು.

ಬೀದರದ ಚೌಬಾರಾದಿಂದ ಹೊರಡುವ ಬೀದಿಗಳನ್ನು ನೋಡಿರಿ. ಗಡಿಯಾರದವನು, ಭಾಂಡೆಯವನು, ಚಪ್ಪಲಿಯವನು, ಪುಸ್ತಕದವನು, ಹೀಗೆ ಒಂದೊಂದೇ ಮಾಲಿನ ಅಂಗಡಿಗಳು. ಆ ಒಂದು ಮಾಲಿನ ತಿಳುವಳಿಕೆಯೇ ಅವರ ಬಂಡವಾಳ. ಬಿದ್ರಿ ಸಾಮಾನು ಮಾರುವವನನ್ನು ಕೇಳಿರಿ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿ ಕೂರಿಸಿ, ಕೋಟೆಯ ಮಣ್ಣಿನಿಂದ ಕಪ್ಪೇರಿಸಿದ್ದು ಯಾವುದು, ಬರೀ ಬಣ್ಣ ಬಳಿದದ್ದು ಯಾವುದು ಎಂದು ಕೈಗೆ ಕೊಟ್ಟು ತೋರಿಸುತ್ತಾನೆ. ಈ ಕಸುಬಿಗೆ 2006ರಲ್ಲಿ ಭೌಗೋಳಿಕ ಸೂಚಿಕೆ ದೊರೆಯಿತು. ಆದರೂ ಮೊಬೈಲಿನ ಚಿತ್ರದಲ್ಲಿ ಬೆಳ್ಳಿಯ ತೂಕ ಕಾಣುವುದಿಲ್ಲ.

ಹಾಗೆಂದು ನಾವು ಯಂತ್ರದ ವೈರಿಗಳಲ್ಲ. ಔರಾದಕ್ಕೆ ರೈಲಿಲ್ಲ. ಬೇಕಾದ ಪುಸ್ತಕಕ್ಕೆ ಬಸ್ಸು ಹತ್ತಿ ಬೀದರಕ್ಕೆ ಬರಬೇಕಿದ್ದ ಅಲ್ಲಿಯ ಹುಡುಗಿಗೆ ಅದೀಗ ಮನೆ ಬಾಗಿಲಿಗೆ ಬರುತ್ತದೆ. ಬಿದ್ರಿ ಕುಶಲಕರ್ಮಿಗೂ ದೂರದ ಗಿರಾಕಿ ಸಿಗಬಹುದು. ಇದು ಒಳ್ಳೆಯದೇ. ನಮ್ಮ ಪ್ರಶ್ನೆ ಇಷ್ಟೇ: ಆ ಅಗ್ಗದ ಬೆಲೆ ಎಲ್ಲಿಂದ ಬರುತ್ತದೆ?

ಫ್ಲಿಪ್‌ಕಾರ್ಟ್ 2007ರಲ್ಲಿ ಬೆಂಗಳೂರಿನಲ್ಲಿ ಪುಸ್ತಕ ಮಾರಲು ತೊಡಗಿತು. 2013ರಲ್ಲಿ ಅಮೆಜಾನ್ ನಮ್ಮ ದೇಶದ ಪೇಟೆಗೆ ಇಳಿಯಿತು. 2018ರಲ್ಲಿ ಅಮೆರಿಕದ ವಾಲ್‌ಮಾರ್ಟ್ 1,600 ಕೋಟಿ ಡಾಲರ್ ಸುರಿದು ಫ್ಲಿಪ್‌ಕಾರ್ಟಿನ ನೂರಕ್ಕೆ 77 ಪಾಲು ಕೊಂಡಿತು. ಇಂಥ ಬಂಡವಾಳ ವರ್ಷಗಟ್ಟಲೆ ನಷ್ಟ ತಾಳಿಕೊಂಡೂ ಮಾರಬಲ್ಲದು. ಭಾಲ್ಕಿಯ ಅಂಗಡಿಕಾರ ಆರು ತಿಂಗಳು ನಷ್ಟದಲ್ಲಿ ಮಾರಿದರೆ ಬಾಗಿಲು ಹಾಕಬೇಕು. ಇದನ್ನು ಸ್ಪರ್ಧೆ ಎನ್ನಬೇಕೆ?

ಕಾನೂನು ಇಲ್ಲವೆಂದಲ್ಲ. ವಿದೇಶಿ ಬಂಡವಾಳದ ಆನ್‌ಲೈನ್ ಪೇಟೆಗಳು ಸ್ವಂತ ಮಾಲು ಇಟ್ಟು ಮಾರಬಾರದು, ಬೆಲೆಯ ಮೇಲೆ ಪ್ರಭಾವ ಬೀರಬಾರದು ಎಂದು ಕೇಂದ್ರ ಸರಕಾರ 2016ರಲ್ಲಿ ನಿಯಮ ಮಾಡಿತು. 2018ರ ಕೊನೆಗೆ ಅದನ್ನು ಬಿಗಿ ಮಾಡಿತು. 2020ರ ಜನವರಿಯಲ್ಲಿ ದಿಲ್ಲಿಯ ವ್ಯಾಪಾರಿಗಳ ದೂರಿನ ಮೇಲೆ ಸ್ಪರ್ಧಾ ಆಯೋಗ ತನಿಖೆಗೆ ಆಜ್ಞೆ ಮಾಡಿತು. ಕಂಪನಿಗಳು ಕರ್ನಾಟಕ ಹೈಕೋರ್ಟಿಗೆ ಹೋದವು. ಅಲ್ಲಿ ಅವುಗಳ ಮನವಿ ಬಿದ್ದುಹೋಗುವ ಹೊತ್ತಿಗೆ 2021ರ ಜುಲೈ ಆಗಿತ್ತು. ಅಷ್ಟು ದಿನ ಕಾಯುವ ಶಕ್ತಿ ಚಿಕ್ಕ ಅಂಗಡಿಗೆ ಎಲ್ಲಿದೆ?

ಕಾರ್ಮಿಕ ಬಂಧುಗಳೇ, ಈಗ ನಿಮ್ಮ ಲೆಕ್ಕ. ಹಂಗಾಮು ಮುಗಿದು ಕಾರ್ಖಾನೆ ನಿಂತಾಗ, ಪಗಾರ ತಡವಾದಾಗ, ಮಗನ ಶಾಲೆಯ ಬೂಟನ್ನು ಉದ್ರಿ ಕೊಡುವವನು ಯಾರು? ನಿಮ್ಮ ಮುಖ ನೋಡಿ ಖಾತೆಯಲ್ಲಿ ಬರೆದುಕೊಳ್ಳುವ ಅಂಗಡಿಕಾರ. ಮೊಬೈಲಿನಲ್ಲೂ ಸಾಲ ಸಿಗುತ್ತದೆ; ಕಂತು ತಪ್ಪಿದರೆ ದಂಡ ಬೀಳುತ್ತದೆ, ಕಷ್ಟ ಹೇಳಿಕೊಳ್ಳಲು ಎದುರಿಗೆ ಮನುಷ್ಯನಿರುವುದಿಲ್ಲ. ಇಂದು ಉಳಿದ ನೂರು ರೂಪಾಯಿಯ ಪಕ್ಕದಲ್ಲಿ ಇದನ್ನೂ ಬರೆದು ಕೂಡಿಸಿರಿ.

ವ್ಯಾಪಾರಿ ಬಂಧುಗಳಿಗೂ ಕಟುಮಾತು ಹೇಳಬೇಕಿದೆ. ಗಿರಾಕಿಯ ಮುಖ ನೋಡಿ ದರ ಹೇಳುವವರು, ರಸೀದಿ ಕೊಡದವರು, ಕೆಟ್ಟ ಮಾಲನ್ನು ವಾಪಸು ತೆಗೆದುಕೊಳ್ಳದವರು ನಿಮ್ಮಲ್ಲಿ ಇಲ್ಲವೆ? ಬೆಳಗಿನಿಂದ ರಾತ್ರಿಯವರೆಗೆ ದುಡಿಯುವ ಅಂಗಡಿಯ ಹುಡುಗನಿಗೆ ನ್ಯಾಯವಾದ ಕೂಲಿ ಕೊಡದವನು ಯಾವ ಬಾಯಿಂದ ನ್ಯಾಯ ಕೇಳುತ್ತಾನೆ?

ಆದ್ದರಿಂದ ನಾವು ಮೂರು ಮಾತು ಮುಂದಿಡುತ್ತೇವೆ.

ಒಂದು: ಲೋಹಿಯಾ ಅವರು ‘ದಾಮ್ ಬಾಂಧೋ’ ಎಂದು ಕರೆ ಕೊಟ್ಟದ್ದು ಬೆಲೆ ಮಿತಿಮೀರಿ ಏರದಿರಲೆಂದು. ಎದುರಾಳಿಯನ್ನು ಮುಗಿಸಲು ಅಸಲಿಗಿಂತ ಕೆಳಗೆ ಮಾರುವ ದೊಡ್ಡ ಬಂಡವಾಳಕ್ಕೂ ಇಂದು ಕಟ್ಟು ಬೇಕು. ಇರುವ ನಿಯಮ ಜಾರಿಯಾಗಬೇಕು.

ಎರಡು: ಮೂರೂ ಊರುಗಳ ಒಂದೇ ಕಸುಬಿನ ಅಂಗಡಿಕಾರರು ಕೂಡಿ ಸಗಟು ಕೊಳ್ಳಲಿ, ಕೂಡಿಯೇ ಮೊಬೈಲಿನಲ್ಲಿ ಮಾರಲಿ. 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲಿನಲ್ಲಿ ನೇಕಾರರು ಮತ್ತಿತರ ದುಡಿಯುವವರು ಸೇರಿ ಸ್ವಂತ ಅಂಗಡಿ ತೆರೆದರು. ನಮ್ಮ ಗದಗ ಸೀಮೆಯ ಕಣಗಿನಹಾಳದಲ್ಲಿ 1905ರಲ್ಲೇ ರೈತರು ಸಹಕಾರ ಸಂಘ ಕಟ್ಟಿದರು. ನಮ್ಮಿಂದ ಯಾಕೆ ಆಗದು?

ಮೂರು: ಅಂಗಡಿಯ ಹುಡುಗ ಮತ್ತು ಬೈಕಿನ ಮೇಲೆ ಪಾರ್ಸೆಲ್ ಹೊತ್ತು ತಿರುಗುವ ಹುಡುಗ ಒಂದೇ ಸಂಘದಲ್ಲಿ ಕೂಡಬೇಕು. ಇಂಥ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಕರ್ನಾಟಕ 2025ರಲ್ಲಿ ಕಾನೂನು ಮಾಡಿದೆ. ಅದು ಕಾಗದದಲ್ಲೇ ಉಳಿಯದಂತೆ ನೋಡಿಕೊಳ್ಳುವುದು ಸಂಘದ ಕೆಲಸ.

ಅಂಗಡಿಕಾರನ ಗಿರಾಕಿ ಕಾರ್ಮಿಕ; ಕಾರ್ಮಿಕನ ಕಷ್ಟಕಾಲದ ಆಸರೆ ಅಂಗಡಿಕಾರ. ಒಬ್ಬ ಬಿದ್ದರೆ ಇನ್ನೊಬ್ಬನೂ ಬೀಳುತ್ತಾನೆ. ಈ ಮಾತನ್ನು ನಿಮ್ಮ ನಿಮ್ಮ ಓಣಿಗಳಲ್ಲಿ ಚರ್ಚೆ ಮಾಡಿರಿ.