ಮಿತವ್ಯಯದ ವಿವೇಕ: ‘ಅಮೆರಿಕನ್ ಗ್ರಾಫಿಟಿ’ ಚಿತ್ರದ ಆಯವ್ಯಯ ವಿಚಾರ



ಕಲಾಕೃತಿಯೊಂದರ ಗುಣದೋಷಗಳನ್ನು ವಿಚಾರ ಮಾಡುವಾಗ ಅದಕ್ಕಾದ ವೆಚ್ಚವನ್ನೂ ಅದು ತಂದ ಆದಾಯವನ್ನೂ ಗಣನೆಗೆ ತೆಗೆದುಕೊಳ್ಳುವುದು ರಸಿಕರಿಗೆ ತಕ್ಕುದಲ್ಲವೆಂಬ ಭಾವನೆ ನಮ್ಮಲ್ಲಿ ಬಹುಕಾಲದಿಂದ ನೆಲೆಗೊಂಡಿದೆ. ಕಾವ್ಯದ ಮಟ್ಟಿಗೆ ಈ ಭಾವನೆ ಸಾಧುವಾದುದೇ ಸರಿ. ಚಲನಚಿತ್ರದ ಮಾತು ಬೇರೆ. ದೀಪ, ಫಿಲ್ಮು, ನಟವರ್ಗ, ಸಂಗೀತ, ಸ್ಥಳ ಇವುಗಳಲ್ಲಿ ಒಂದೊಂದಕ್ಕೂ ಬೆಲೆ ತೆತ್ತಲ್ಲದೆ ಒಂದು ದೃಶ್ಯವೂ ತೆರೆಗೆ ಬಾರದಾದಕಾರಣ, ಚಿತ್ರದ ಖರ್ಚಿನ ಪುಸ್ತಕವನ್ನು ಓದಬಲ್ಲವನಿಗೆ ಅದನ್ನು ನಿರ್ಮಿಸಿದವರ ಅಭಿರುಚಿಯೂ ವಿವೇಕವೂ ಅಲ್ಲಿ ಕಾಣದಿರವು. ಆ ದೃಷ್ಟಿಯಿಂದ, ಅಲ್ಪವೆಚ್ಚದಲ್ಲಿ ತಯಾರಾಗಿ ಅಪಾರ ಧನವನ್ನೂ ಕೀರ್ತಿಯನ್ನೂ ಗಳಿಸಿದ ಹದಿಹರೆಯದವರ ಒಂದು ಹಾಸ್ಯಚಿತ್ರವನ್ನು ಕುರಿತು ನನ್ನ ಆಲೋಚನೆಗಳನ್ನು ತಮ್ಮ ಮುಂದೆ ನಿವೇದಿಸುತ್ತೇನೆ. ಅದು ಜಾರ್ಜ್ ಲ್ಯೂಕಸ್ ಅವರು ನಿರ್ದೇಶಿಸಿ, 1973ರ ಆಗಸ್ಟ್ ತಿಂಗಳಲ್ಲಿ ಯೂನಿವರ್ಸಲ್ ಸಂಸ್ಥೆಯ ಮೂಲಕ ಬಿಡುಗಡೆಯಾದ ‘ಅಮೆರಿಕನ್ ಗ್ರಾಫಿಟಿ’.

ಕಥೆ ಅತಿ ಸರಳ. ಕ್ಯಾಲಿಫೋರ್ನಿಯಾದ ಮೊಡೆಸ್ಟೊ ಎಂಬ ಊರಿನಲ್ಲಿ, 1962ರ ಬೇಸಗೆಯ ಕೊನೆಯ ಒಂದು ರಾತ್ರಿ, ಬೆಳಗಾದರೆ ಕಾಲೇಜಿಗೆಂದು ದೂರ ಹೊರಡಬೇಕಾದ ಇಬ್ಬರು ಹುಡುಗರೂ ಅವರ ಗೆಳೆಯರೂ ಕಾರುಗಳಲ್ಲಿ ಬೀದಿ ಸುತ್ತುತ್ತ, ಹುಡುಗಿಯರನ್ನು ಮಾತನಾಡಿಸುತ್ತ, ಜಗಳವಾಡುತ್ತ, ರೇಡಿಯೊ ಕೇಳುತ್ತ ಕಾಲ ಕಳೆಯುತ್ತಾರೆ. ಹೊರಡಲು ಹಿಂಜರಿಯುತ್ತಿದ್ದವನು ವಿಮಾನವೇರುತ್ತಾನೆ. ಹೊರಡಲು ಆತುರಪಟ್ಟವನು ಊರಿನಲ್ಲಿಯೇ ಉಳಿಯುತ್ತಾನೆ. ಇಷ್ಟೆ. ಆದರೆ ಅಂತ್ಯದಲ್ಲಿ ತೆರೆಯ ಮೇಲೆ ಮೂಡುವ ಕೆಲವು ಸಾಲುಗಳು, ಆ ಹುಡುಗರಲ್ಲಿ ಒಬ್ಬನು ಕುಡಿದು ವಾಹನ ನಡೆಸಿದವನಿಂದ ಹತನಾದನೆಂದೂ, ಮತ್ತೊಬ್ಬನು ವಿಯಟ್ನಾಂ ಯುದ್ಧದಲ್ಲಿ ಕಾಣೆಯಾದನೆಂದೂ ತಿಳಿಸಿದಾಗ, ಅದುವರೆಗಿನ ನಗೆಯೆಲ್ಲವೂ ಕಳೆದುಹೋದ ಕಾಲವೊಂದರ ಸ್ಮರಣೆಯಾಗಿ ಪರಿಣಮಿಸುತ್ತದೆ. ಹಾಸ್ಯವು ಕರುಣಕ್ಕೆ ಇಷ್ಟು ಹತ್ತಿರವಿದ್ದುದೇ ಚಿತ್ರದ ಮೊದಲನೆಯ ಬಂಡವಾಳವೆಂದು ನನ್ನ ಅಭಿಪ್ರಾಯ.

ಎರಡನೆಯದಾದ ಹಣದ ಬಂಡವಾಳವಾದರೋ ಸುಲಭವಾಗಿ ದೊರೆಯಲಿಲ್ಲ. ಲ್ಯೂಕಸ್ ಅವರ ಹಿಂದಿನ ಚಿತ್ರ, 1971ರ ‘ಟಿಎಚ್‌ಎಕ್ಸ್ 1138’, ಗಲ್ಲಾಪೆಟ್ಟಿಗೆಯಲ್ಲಿ ಸೋತಿತ್ತು. ಹೊಸ ಕಥೆಯನ್ನು ಯುನೈಟೆಡ್ ಆರ್ಟಿಸ್ಟ್ಸ್ ಮೊದಲಾದ ಸಂಸ್ಥೆಗಳು ನಿರಾಕರಿಸಿದವು. ಕಡೆಗೆ ಸಮ್ಮತಿಸಿದ ಯೂನಿವರ್ಸಲ್ ಸಂಸ್ಥೆಯೂ ಹೆಸರಾಂತ ನಿರ್ಮಾಪಕನೊಬ್ಬನ ಆಸರೆಯಿರಲೇಬೇಕೆಂದು ಹಟ ಹಿಡಿಯಿತು. ‘ಗಾಡ್‌ಫಾದರ್’ ಚಿತ್ರದಿಂದ 1972ರಲ್ಲಿ ಜಗತ್ಪ್ರಸಿದ್ಧರಾಗಿದ್ದ ಫ್ರಾನ್ಸಿಸ್ ಫೋರ್ಡ್ ಕೊಪೊಲ ಅವರು ಆ ಹೊಣೆಯನ್ನು ಹೊತ್ತ ಮೇಲೆ, ಒಟ್ಟು ವೆಚ್ಚ 7 ಲಕ್ಷ 77 ಸಾವಿರ ಡಾಲರುಗಳೆಂದು ನಿಗದಿಯಾಯಿತು. ಹಾಲಿವುಡ್ಡಿನ ಅಂದಿನ ಅಳತೆಯಲ್ಲಿಯೂ ಇದು ಸಣ್ಣ ಮೊತ್ತ.

ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬುದು ನಮ್ಮ ಹಿರಿಯರ ಮಾತು. ಆ ಮಾತನ್ನು ಪಾಲಿಸಿದವರೆಲ್ಲರೂ ಕಲಾವಿದರಾಗುವುದಿಲ್ಲ. ಎಲ್ಲಿ ಉಳಿಸಿದರು, ಉಳಿಸಿದ್ದನ್ನು ಎಲ್ಲಿ ಸುರಿದರು ಎಂಬುದರಲ್ಲಿ ಅವರ ಯೋಗ್ಯತೆ ಗೊತ್ತಾಗುತ್ತದೆ. ಲ್ಯೂಕಸ್ ಅವರು ಚಿತ್ರೀಕರಣವನ್ನು 1972ರ ಜೂನ್ 26ರಂದು ಆರಂಭಿಸಿ ಆಗಸ್ಟ್ ಮೊದಲ ವಾರದಲ್ಲಿ ಮುಗಿಸಿದರು. ಸ್ಯಾನ್ ರಫೇಲ್ ಊರಿನಲ್ಲಿ ಬೀದಿಗೆ ಅಡಚಣೆಯಾಗುವುದೆಂದು ಆಕ್ಷೇಪಗಳು ಬಂದೊಡನೆ, ಕಾಲಹರಣ ಮಾಡದೆ ನೆರೆಯ ಪೆಟಲೂಮ ಊರಿಗೆ ತೆರಳಿದರು. ಫಿಲ್ಮಿನ ಒಂದೊಂದು ಚೌಕಕ್ಕೆ ಅಂಚಿನ ನಾಲ್ಕು ರಂಧ್ರಗಳಷ್ಟು ಎಡೆ ಕೊಡುವ ವಾಡಿಕೆಯನ್ನು ಬಿಟ್ಟು, ಎರಡೇ ರಂಧ್ರಗಳಲ್ಲಿ ಕೆಲಸ ತೀರಿಸುವ ಟೆಕ್ನಿಸ್ಕೋಪ್ ಪದ್ಧತಿಯನ್ನು ಆರಿಸಿಕೊಂಡುದರಿಂದ ಫಿಲ್ಮಿನ ಖರ್ಚು ಅರ್ಧಕ್ಕಿಳಿಯಿತು. ಅದರಿಂದುಂಟಾದ ಒರಟುತನವು ಸಾಕ್ಷ್ಯಚಿತ್ರದ ನೈಜತೆಯನ್ನು ತಂದುಕೊಟ್ಟಿತು. ನಟವರ್ಗದಲ್ಲಿ ರಾನ್ ಹೊವರ್ಡ್ ಅವರು ದೂರದರ್ಶನದಿಂದ ಜನಪರಿಚಿತರಾಗಿದ್ದುದನ್ನು ಬಿಟ್ಟರೆ, ರಿಚರ್ಡ್ ಡ್ರೈಫಸ್ ಮೊದಲಾದವರು ಆಗ ಬಹುಮಟ್ಟಿಗೆ ಅಪರಿಚಿತರು. ಹ್ಯಾರಿಸನ್ ಫೋರ್ಡ್ ಅವರು ಬಡಗಿಯ ಕೆಲಸದಿಂದ ಜೀವನ ಸಾಗಿಸುತ್ತಿದ್ದ ಕಾಲವದು.

ಹೀಗೆ ಎಲ್ಲೆಲ್ಲಿಯೂ ಕೈ ಬಿಗಿಹಿಡಿದ ನಿರ್ದೇಶಕರು ಒಂದು ವಿಷಯದಲ್ಲಿ ಮಾತ್ರ ಕೈ ಬಿಚ್ಚಿದರು. ಆ ಕಾಲದ ಹುಡುಗರ ಅಂತರಂಗವಿದ್ದುದು ಕಾರಿನ ರೇಡಿಯೊದಲ್ಲಿ. ಆ ಹಾಡುಗಳಿಲ್ಲದೆ ಚಿತ್ರವಿಲ್ಲವೆಂಬುದು ಅವರ ನಿಶ್ಚಯ. ವಾದ್ಯಗೋಷ್ಠಿಯೊಂದರಿಂದ ಅನುಕರಣೆಯ ಹಾಡುಗಳನ್ನು ನುಡಿಸಿದರಾಗದೆ ಎಂಬ ಸೂಚನೆಯನ್ನು ತಳ್ಳಿಹಾಕಿ, ಹಕ್ಕುದಾರರೆಲ್ಲರಿಗೂ ಒಂದೇ ದರವೆಂಬ ಒಪ್ಪಂದದ ಮೇಲೆ, ಸುಮಾರು 90 ಸಾವಿರ ಡಾಲರುಗಳನ್ನು ತೆತ್ತು ಮೂಲ ಧ್ವನಿಮುದ್ರಿಕೆಗಳ ಹಕ್ಕನ್ನು ಪಡೆಯಲಾಯಿತು. ಆರ್‌ಸಿಎ ಸಂಸ್ಥೆ ಆ ದರಕ್ಕೆ ಒಪ್ಪದುದರಿಂದ ಎಲ್ವಿಸ್ ಪ್ರೆಸ್ಲಿಯ ಕಂಠವೊಂದು ಅಲ್ಲಿ ಕೇಳಿಬರುವುದಿಲ್ಲ. ಒಟ್ಟು ವೆಚ್ಚದ ಸುಮಾರು ಒಂಬತ್ತರಲ್ಲೊಂದು ಭಾಗ ಹಾಡುಗಳಿಗೇ ಸಂದುಹೋದಮೇಲೆ ಬೇರೆ ಹಿನ್ನೆಲೆ ಸಂಗೀತಕ್ಕೆ ಹಣವೇ ಉಳಿಯಲಿಲ್ಲ. ಹಾಡು ಎಲ್ಲಿ ನಿಲ್ಲಬೇಕೋ ಅಲ್ಲಿ ಬೀದಿಯ ಸದ್ದೂ ಮೌನವೂ ಆ ಕೆಲಸವನ್ನು ಮಾಡಿದವು.

ಆ ಹಾಡುಗಳು ರಾತ್ರಿಯ ಬೀದಿಯಲ್ಲಿ ಹಾದುಹೋಗುವ ಕಾರುಗಳಿಂದ ತೇಲಿಬರುವಂತೆ ಕೇಳಿಸುವುದಕ್ಕೆ ಮಾಡಿದ ಉಪಾಯವನ್ನು ಇಲ್ಲಿ ಹೇಳದೆ ಮುಂದುವರಿಯಲಾರೆ. ಧ್ವನಿತಜ್ಞರಾದ ವಾಲ್ಟರ್ ಮರ್ಚ್ ಅವರೂ ಲ್ಯೂಕಸ್ ಅವರೂ ಮನೆಯೊಂದರ ಹಿತ್ತಲಿನಲ್ಲಿ ನಿಂತು, ಒಬ್ಬರು ಹಾಡು ಹೊಮ್ಮುತ್ತಿದ್ದ ಧ್ವನಿವರ್ಧಕವನ್ನೂ, ದೂರದಲ್ಲಿದ್ದ ಮತ್ತೊಬ್ಬರು ಮೈಕನ್ನೂ ಅತ್ತಿತ್ತ ನಿಧಾನವಾಗಿ ತಿರುಗಿಸುತ್ತ, ಗಾಳಿಯಲ್ಲಿ ಬಂದ ನಾದವನ್ನು ಮತ್ತೆ ಮುದ್ರಿಸಿಕೊಂಡರು. ಯಾವ ಮಹಾಯಂತ್ರವೂ ಇಲ್ಲದೆ, ಆಲಿಸಬಲ್ಲ ಎರಡು ಜೊತೆ ಕಿವಿಗಳಿಂದ ಸಾಧಿತವಾದ ಕಾರ್ಯವದು.

1973ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರದ ನಾರ್ತ್‌ಪಾಯಿಂಟ್ ಚಿತ್ರಮಂದಿರದಲ್ಲಿ ಪ್ರಾಯೋಗಿಕ ಪ್ರದರ್ಶನ ನಡೆದು, ಸಭಿಕರು ಸಂತೋಷಪಟ್ಟರೂ ಯೂನಿವರ್ಸಲ್ ಸಂಸ್ಥೆಯ ಅಧಿಕಾರಿ ನೆಡ್ ಟ್ಯಾನನ್ ಅವರು ಅತೃಪ್ತಿಯನ್ನು ಸೂಚಿಸಿದರು. ಕೊಪೊಲ ಅವರು ಕೆರಳಿ, ಬೇಡವಾದರೆ ಚಿತ್ರವನ್ನು ತಾವೇ ಕೊಳ್ಳುವುದಾಗಿ ಅಲ್ಲಿಯೇ ಚೆಕ್ಕು ಬರೆಯಲು ಮುಂದಾದರು. ಸಂಸ್ಥೆ ಚಿತ್ರವನ್ನು ಕೈಬಿಡಲಿಲ್ಲ; ಆದರೆ ಕೆಲವು ನಿಮಿಷಗಳ ಭಾಗವನ್ನು ಕತ್ತರಿಸಿಯೇ ಹೊರತಂದಿತು.

ಫಲವನ್ನು ಜನ ನಿರ್ಣಯಿಸಿದರು. 1978ರ ಮರುಬಿಡುಗಡೆಯನ್ನೂ ಕೂಡಿಸಿಕೊಂಡು ಉತ್ತರ ಅಮೆರಿಕದ ಚಿತ್ರಮಂದಿರಗಳಲ್ಲಿಯೇ ಗಳಿಕೆ 11 ಕೋಟಿ ಡಾಲರುಗಳನ್ನು ಮೀರಿತು. ಅಂದರೆ ತಯಾರಿಕೆಗೆ ಹಾಕಿದ ಒಂದೊಂದು ಡಾಲರಿಗೂ 140 ಡಾಲರುಗಳಷ್ಟು ಟಿಕೆಟು ಮಾರಿತು. ಇದೆಲ್ಲವೂ ನಿರ್ಮಾಪಕನ ಲಾಭವೆಂದು ಭ್ರಮಿಸಬಾರದು; ಚಿತ್ರಮಂದಿರದ ಪಾಲು, ವಿತರಕನ ಪಾಲು, ಪ್ರತಿಗಳ ವೆಚ್ಚ, ಪ್ರಚಾರದ ವೆಚ್ಚ ಇವೆಲ್ಲ ಕಳೆದ ಮೇಲೆ ಉಳಿಯುವುದೇ ಲಾಭ. ಅಷ್ಟನ್ನು ಕಳೆದ ಮೇಲೆಯೂ ಈ ಚಿತ್ರ ಚರಿತ್ರೆಯ ಅತ್ಯಂತ ಲಾಭದಾಯಕ ಚಿತ್ರಗಳ ಸಾಲಿನಲ್ಲಿ ನಿಂತಿತು. ಅತ್ಯುತ್ತಮ ಚಿತ್ರವೆಂಬುದೂ ಸೇರಿ ಐದು ಆಸ್ಕರ್ ನಾಮನಿರ್ದೇಶನಗಳು ಬಂದವು. ತನ್ನ ಪಾತ್ರವನ್ನೇ ವಹಿಸಿದ ರೇಡಿಯೊ ನಿರೂಪಕ ವುಲ್ಫ್‌ಮನ್ ಜ್ಯಾಕ್ ಅವರಿಗೆ ಲ್ಯೂಕಸ್ ಅವರು ಲಾಭದಲ್ಲಿ ಕಿಂಚಿತ್ ಪಾಲನ್ನು ಬಿಟ್ಟುಕೊಟ್ಟಿದ್ದರು. ಅದು ಅವರ ಜೀವಮಾನಪರ್ಯಂತ ಆದಾಯವಾಗಿ ಒದಗಿತು. ಗೆಲುವನ್ನು ಹಂಚಿಕೊಳ್ಳುವುದು ಸಹ ಆಯವ್ಯಯಶಾಸ್ತ್ರದ ಒಂದು ಅಂಗವೇ ಸರಿ.

ಚಿತ್ರ ತಯಾರಿಸಲು ಹೊರಟಿರುವ ನಮ್ಮ ನಾಡಿನ ತರುಣರಲ್ಲಿ ನನ್ನದೊಂದು ಬಿನ್ನಹ. ಹಣ ಕಡಮೆಯೆಂದು ಕುಗ್ಗಬೇಡಿ. ಕಡಮೆ ಹಣವೇ ಗೆಲುವಿನ ಗುಟ್ಟೆಂದು ನಂಬಿಯೂ ಮೋಸಹೋಗಬೇಡಿ, ಅಗ್ಗವಾಗಿ ತಯಾರಾಗಿ ಅಗ್ಗವಾಗಿಯೇ ಉಳಿದ ಚಿತ್ರಗಳಿಗೆ ಲೆಕ್ಕವಿಲ್ಲ. ಯಾವುದಿಲ್ಲದೆ ನಿಮ್ಮ ಚಿತ್ರ ಜೀವಿಸಲಾರದೋ ಅದನ್ನು ಮೊದಲು ಗುರುತಿಸಿ, ಅದಕ್ಕೆ ಸಲ್ಲತಕ್ಕ ಹಣವನ್ನು ಸಂಕೋಚವಿಲ್ಲದೆ ಸಲ್ಲಿಸಿ, ಮಿಕ್ಕೆಲ್ಲದರಲ್ಲಿಯೂ ಮಿತವಾಗಿರಿ.